ಕೊಟ್ಟೂರಿಗೆ ಓದಿ ಹೇಳಿದ ಕಾದಂಬರಿ

ಪುಸ್ತಕ ಕೇಳಿಕೊಂಡು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಓದಿ ಕೊಡ್ತೀನಿ ಎಂದು ಒಯ್ಯುತ್ತಾರೆ, ಓದುವುದೂ ಇಲ್ಲ, ಕೊಡುವುದೂ ಇಲ್ಲ. ಕೊಟ್ಟರೂ ಹಾಳೆಯ ಮೂಲೆ ಮಡಚಿರುತ್ತಾರೆ, ನಡುವೆ ಎಲ್ಲೋ ಒಗ್ಗರಣೆಯ ಎಣ್ಣೆ ಸಿಡಿದಿರುತ್ತದೆ. ಒಬ್ಬ ಮಹಾತಾಯಿ ಎಲ್ಲಿಯವರೆಗೆ ಓದಿದ್ದೇನೆ ಎಂಬ ಗುರುತಿಗೆ ಒಳಗೆ ಕರಿಬೇವಿನ ಕಡ್ಡಿ ಇಟ್ಟು, ಅದನ್ನು ತೆಗೆಯದೆಯೇ ಹಿಂದಿರುಗಿಸಿದ್ದಳು. ಅಂದಿನಿಂದ ನನ್ನ ಪುಸ್ತಕದ ಪೆಟ್ಟಿಗೆಗೆ ಬೀಗ ಬಿತ್ತು. ಜಿಪುಣಿ ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ ಬಿಡು ಎಂದುಕೊಂಡೆ.

ಇಂಥ ನಾನು ಒಂದು ಇಡೀ ಕಾದಂಬರಿಯನ್ನು ಮುಖವನ್ನೇ ನೋಡದ ಹೆಂಗಸೊಬ್ಬಳಿಗೆ ದಿನಕ್ಕಿಷ್ಟು ಎಂದು ಓದಿ ಹೇಳಿದ್ದೆ. ಅದೂ ಸರ್ಕಾರದ ತಂತಿಯ ಮೇಲೆ, ಸರ್ಕಾರದ ಹೊತ್ತಿನಲ್ಲಿ.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಹಗರಿಬೊಮ್ಮನಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಆಗ ನಮ್ಮ ಕಡೆ ಒಂದೂರಿನಿಂದ ಇನ್ನೊಂದೂರಿಗೆ ಮಾತಾಡಬೇಕೆಂದರೆ ಯಾರೂ ತಾವೇ ನಂಬರ್ ತಿರುಗಿಸುವಂತಿರಲಿಲ್ಲ. ದಲ್ಲಾಳಿ ಅಂಗಡಿಯವರು ರಿಸೀವರ್ ಎತ್ತಿ ಹಿಡಿಕೆ ತಿರುವಿದರೆ ನನ್ನ ಮುಂದಿನ ಬೋರ್ಡಿನಲ್ಲಿ ತಗಡಿನ ಸಣ್ಣ ಮುಚ್ಚಳವೊಂದು ಟಪ್ಪೆಂದು ಬೀಳುತ್ತಿತ್ತು. ನಾನು ವೈರಿನ ಪಿನ್ನು ಚುಚ್ಚಿ ಯಾವ ಊರು, ಯಾವ ನಂಬರು ಎಂದು ಕೇಳಬೇಕು. ಆ ಊರಿನ ಎಕ್ಸ್‌ಚೇಂಜನ್ನು ಕರೆದು, ಅಲ್ಲಿಯ ಆಪರೇಟರ್ ತನ್ನ ಕಡೆಯಿಂದ ಜೋಡಿಸಿದ ಮೇಲೆ ನಾನು ನನ್ನ ಕಡೆಯಿಂದ ಜೋಡಿಸಬೇಕು. ಶೇಂಗಾದ ಧಾರಣೆ, ಸಾವಿನ ಸುದ್ದಿ, ಹೆಣ್ಣು ನೋಡಲು ಬರುವ ದಿನ, ಎಲ್ಲವೂ ನನ್ನ ಕೈ ದಾಟಿಯೇ ಹೋಗುತ್ತಿದ್ದವು.

ನಮ್ಮ ಆಪರೇಟರುಗಳಲ್ಲಿ ಒಂದು ರೂಢಿಯಿತ್ತು. ಒಬ್ಬರನ್ನೊಬ್ಬರು ಹೆಸರಿನಿಂದ ಕರೆಯುತ್ತಿರಲಿಲ್ಲ, ಊರಿನಿಂದ ಕರೆಯುತ್ತಿದ್ದೆವು. "ಏನ್ರಿ ಹರಪನಹಳ್ಳಿ, ಊಟ ಆಯ್ತಾ?" "ಹಡಗಲಿ, ಲೈನ್ ಬಿಡ್ರಿ, ಅರ್ಜೆಂಟ್ ಐತೆ." ಹರಪನಹಳ್ಳಿ ಎಂದರೆ ಯಾವಾಗಲೂ ಅವಸರದಲ್ಲಿದ್ದ ಒಬ್ಬ ಗಂಡಸು. ಕೂಡ್ಲಿಗಿ ಎಂದರೆ ನಿವೃತ್ತಿಯ ದಿನ ಕಾಯುತ್ತ ಕೆಮ್ಮುತ್ತಿದ್ದ ಮುದುಕ. ಹಡಗಲಿ ಮಾತಾಡುವುದಕ್ಕಿಂತ ಗುನುಗುವುದೇ ಹೆಚ್ಚು. ವರ್ಷಗಟ್ಟಲೆ ಮಾತಾಡಿದರೂ ಯಾರ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಹೆಸರು ಗೊತ್ತಿಲ್ಲದ್ದರಿಂದ ಜಾತಿಯೂ ಗೊತ್ತಿರಲಿಲ್ಲ, ಅದೊಂದು ಸುಖವೇ ಆಗಿತ್ತು. ನಾನು ಬೊಮ್ಮನಹಳ್ಳಿ. ಮಧ್ಯಾಹ್ನದ ಪಾಳಿಯಲ್ಲಿ ಕೊಟ್ಟೂರು ಎಂದರೆ ಒಬ್ಬ ಹೆಂಗಸು.

ನನ್ನ ಬಗ್ಗೆ ಇಷ್ಟು ಹೇಳಿಬಿಡುತ್ತೇನೆ. ನಾನು ತೆಲಿಗಿ ಎಂಬ ಹಳ್ಳಿಯವಳು. ಮದುವೆಯಾಗಿ ಏಳು ತಿಂಗಳಿಗೆ ಗಂಡನ ಮನೆ ಬಿಟ್ಟು ಬಂದವಳು. ಹೊಡೆತ ಬಡಿತ ಏನೂ ಇರಲಿಲ್ಲ. ಆ ಮನೆಯಲ್ಲಿ ನನ್ನ ಜೊತೆ ಯಾರೂ ಮಾತಾಡುತ್ತಿರಲಿಲ್ಲ, ಅಷ್ಟೇ. ಅನ್ನ ಹಾಕು, ನೀರು ಇಡು, ದೀಪ ಆರಿಸು. ಊರಲ್ಲಿ ಇದನ್ನು ಕಾರಣವೆಂದು ಯಾರೂ ಒಪ್ಪಲಿಲ್ಲ. ಹೊಡೆದಿದ್ದರೆ ಒಪ್ಪುತ್ತಿದ್ದರೋ ಏನೋ. ಪರೀಕ್ಷೆ ಬರೆದು ನೌಕರಿ ಹಿಡಿದು, ಹಗರಿಬೊಮ್ಮನಹಳ್ಳಿಯ ಸ್ಟೇಷನ್ ರಸ್ತೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಮಾತಿಲ್ಲದ ಮನೆ ಬಿಟ್ಟು ಬಂದವಳಿಗೆ ಊರವರ ಮಾತನ್ನೆಲ್ಲ ಜೋಡಿಸಿ ಕೊಡುವ ಕೆಲಸ ಸಿಕ್ಕಿತು. ಕಿವಿಯ ತುಂಬ ಮಾತು, ಒಂದೂ ನನ್ನದಲ್ಲ. ಕೋಣೆಗೆ ಬಂದರೆ ಪುಸ್ತಕದ ಪೆಟ್ಟಿಗೆ, ಸ್ಟವ್, ನಾನು.

ಮಧ್ಯಾಹ್ನ ಎರಡರಿಂದ ಮೂರೂವರೆಯವರೆಗೆ ಬೋರ್ಡು ಸುಮ್ಮನಿರುತ್ತಿತ್ತು. ಅಂಗಡಿಯವರು ಉಂಡು ಗಾದಿಯ ಮೇಲೆ ಕಾಲು ಚಾಚುವ ಹೊತ್ತು ಅದು. ಮೇಲಿನವರು ತಮ್ಮ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕಣ್ಣು ಮುಚ್ಚಿ ಫೈಲು ನೋಡುತ್ತಿದ್ದರು. ನಾನು ಹೆಡ್‌ಸೆಟ್ ಕಿವಿಯಲ್ಲೇ ಇಟ್ಟುಕೊಂಡು ತೊಡೆಯ ಮೇಲೆ ಪುಸ್ತಕ ತೆರೆಯುತ್ತಿದ್ದೆ. ಅಂಥ ಒಂದು ದಿನ ಕೊಟ್ಟೂರಿನ ಲೈನು ಹಾಗೆಯೇ ತೆರೆದುಕೊಂಡಿತ್ತು.

"ಬೊಮ್ಮನಹಳ್ಳಿ, ಏನೋ ಸರಬರ ಸಪ್ಪಳ ಬರಾಕತ್ತೈತಲ್ರಿ. ಇಲಿ ಸೇರ್ಯಾವೇನ್ರಿ ನಿಮ್ಮ ಬೋರ್ಡಿನಾಗ?"

"ಇಲಿ ಅಲ್ಲರಿ, ನಾನು. ಹಾಳೆ ತಿರುವ್ತಿದೀನಿ."

"ಏನ್ ಓದಾಕತ್ತೀರಿ?"

"ಕಾದಂಬರಿ."

"ಒಬ್ರ ಓದಿಕೊಂಡ್ರ ಹೆಂಗ್ರಿ? ಜೋರಾಗಿ ಓದ್ರಿ, ನಾನೂ ಕೇಳ್ತೀನಿ. ಇಲ್ಲಿ ನೊಣ ಹೊಡಕೋತ ಕುಂತೀನಿ."

ಬೇರೆ ಯಾರಾದರೂ ಕೇಳಿದ್ದರೆ ಖಂಡಿತ ಆಗುವುದಿಲ್ಲ ಎನ್ನುತ್ತಿದ್ದೆ. ಆದರೆ ಈಕೆ ಪುಸ್ತಕ ಕೇಳಲಿಲ್ಲ, ಓದು ಎಂದಳು. ಓದಿದರೆ ಹಾಳೆಯ ಮೂಲೆ ಮಡಚುವುದಿಲ್ಲ, ಎಣ್ಣೆ ಬೀಳುವುದಿಲ್ಲ. ನಾನು ಅಂದು ನೋಡುತ್ತಿದ್ದ ಹಾಳೆಯನ್ನು ಬಿಟ್ಟು ಮೊದಲ ಹಾಳೆಗೆ ಬಂದು, ಧ್ವನಿ ಸರಿಮಾಡಿಕೊಂಡು ಶುರುಮಾಡಿದೆ.

ಅದು ಅಂಗಡಿಯಲ್ಲಿ ಕೊಂಡ ಪುಸ್ತಕವಲ್ಲ. ನಾನು ತೆಲಿಗಿಯಲ್ಲಿ ಲಂಗ ದಾವಣಿ ಉಟ್ಟುಕೊಂಡಿದ್ದ ಕಾಲದಲ್ಲಿ ನಮ್ಮೂರಿನ ಮೇಷ್ಟ್ರ ಮನೆಗೆ ಒಂದು ವಾರಪತ್ರಿಕೆ ಬರುತ್ತಿತ್ತು. ಅವರ ಮನೆಯವರೆಲ್ಲ ಓದಿದ ಮೇಲೆ ನಮ್ಮ ಮನೆಗೆ. ಅದರಲ್ಲಿ ಬಂದ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಬಿಡಿಸಿ, ಒಂದರ ಮೇಲೊಂದು ಪೇರಿಸಿ, ಚೀಲ ಹೊಲಿಯುವ ದಬ್ಬಣದಿಂದ ತೂತು ಮಾಡಿ, ದಾರ ಪೋಣಿಸಿ, ಹಳೆಯ ಲಗ್ನಪತ್ರಿಕೆಯ ರಟ್ಟನ್ನು ಮೇಲೆ ಅಂಟಿಸಿ ನಾನೇ ಮಾಡಿದ ಪುಸ್ತಕ. ನಮ್ಮ ಕಡೆ ಓದುವ ಮನೆಗಳಲ್ಲೆಲ್ಲ ಇಂಥ ಒಂದೆರಡು ಇರುತ್ತಿದ್ದವು. ಕಥೆಯ ಜೊತೆಗೆ ಹಾಳೆಯ ಬೆನ್ನಿಗೆ ಅರ್ಧ ಅಡಿಗೆ ವಿಧಾನ, ತುದಿ ಇಲ್ಲದ ನಗೆಹನಿ, ಯಾರದೋ ವಾರಭವಿಷ್ಯ. ಒಟ್ಟು ನಲವತ್ತೊಂದು ಕಂತು. ಹತ್ತೊಂಬತ್ತನೆಯದು ಮಾತ್ರ ಇರಲಿಲ್ಲ. ಆ ವಾರದ ಸಂಚಿಕೆಯಲ್ಲಿ ಮೇಷ್ಟ್ರ ಹೆಂಡತಿ ಮಗಳಿಗೆಂದು ಸೀರೆ ಸುತ್ತಿ ಊರಿಗೆ ಕಳಿಸಿಬಿಟ್ಟಿದ್ದರು.

ಮನಸ್ಸಿನಲ್ಲೇ ಹತ್ತು ಸಲ ಓದಿದ್ದ ಕಥೆ. ಬಾಯಿಬಿಟ್ಟು ಓದಿದಾಗ ಹೊಸದೇ ಆಯಿತು. ನಾನು ಅವಸರದಿಂದ ದಾಟಿಹೋಗುತ್ತಿದ್ದ ಸಾಲಿನಲ್ಲಿ ಕೊಟ್ಟೂರು "ನಿಲ್ರಿ, ಇನ್ನೊಮ್ಮೆ ಅನ್ರಿ ಅದನ್ನ" ಎನ್ನುತ್ತಿದ್ದಳು. ನಾನು ಅತ್ತಿದ್ದ ಕಡೆ ಆಕೆ ನಗುತ್ತಿದ್ದಳು. "ಅಳಾಕೇನೈತ್ರಿ ಇದರಾಗ? ಆಕಿಗೆ ಹಸಿವಾಗೈತಿ, ಉಂಡ್ರ ಸರಿ ಹೋಗ್ತಾಳ." ಅಂಥ ಮಾತು ಕೇಳಿದ ಮೇಲೆ ನನಗೂ ಆ ಭಾಗದಲ್ಲಿ ಅಳು ಬರುತ್ತಿರಲಿಲ್ಲ. ನಡುವೆ ಮುಚ್ಚಳ ಬಿದ್ದರೆ "ಒಂದ್ನಿಮಿಷ" ಎಂದು ಯಾರನ್ನೋ ಯಾರಿಗೋ ಜೋಡಿಸಿ ಮತ್ತೆ ಅದೇ ಸಾಲಿಗೆ ಬರುತ್ತಿದ್ದೆವು. ಹೀಗಾಗಿ ಒಂದು ಕಂತಿಗೆ ಮೂರು ನಾಲ್ಕು ದಿನ ಹಿಡಿಯುತ್ತಿತ್ತು. ಬೇಸಿಗೆ ಹತ್ತುವ ಹೊತ್ತಿಗೆ ಒಂದು ತಿಂಗಳು ಆಕೆ ಮಾತು ಕಡಿಮೆ ಮಾಡಿದಳು. "ಬಾಯಿ ಒಣಗೈತ್ರಿ, ನೀವ ಓದ್ರಿ" ಎನ್ನುತ್ತಿದ್ದಳು. ನೀರು ಕುಡೀರಿ ಎಂದರೆ "ಕುಡೀತೀನಿ, ಆಮ್ಯಾಲೆ" ಎಂದು ನಗುತ್ತಿದ್ದಳು. ನಾನು ಹೆಚ್ಚು ಕೇಳಲಿಲ್ಲ.

ಆ ದಿನಗಳಲ್ಲಿ ನಾನು ಬೆಳಿಗ್ಗೆ ಏಳುತ್ತಲೇ ಮಧ್ಯಾಹ್ನದ ಎರಡು ಗಂಟೆಯನ್ನು ನೆನೆಯುತ್ತಿದ್ದೆ. ಭಾನುವಾರಗಳು ಬೇಡವಾದವು. ನನ್ನ ಬದುಕಿನಲ್ಲಿ ಒಬ್ಬರು ನನಗಾಗಿ ಕಾಯುತ್ತಾರೆ ಎಂಬುದು ಅದೇ ಮೊದಲು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಆ ಒಂದೂವರೆ ತಾಸಿಗಾಗಿಯೇ ನಾನು ಬದುಕಿದ್ದೆ.

ಆಕೆಯ ಬಗ್ಗೆ ಗೊತ್ತಾದದ್ದು ಓದಿನ ನಡುವೆ ಬಿದ್ದ ಮಾತುಗಳಿಂದ. ಮದುವೆಯಾಗಿತ್ತು. ಗಂಡ ಕೂಡ್ಲಿಗಿಯಲ್ಲಿ. ನೌಕರಿಗಾಗಿ ಈಕೆ ಕೊಟ್ಟೂರಿನ ತವರುಮನೆಯಲ್ಲಿ ಉಳಿದಿದ್ದಳು. ವಾರಕ್ಕೊಮ್ಮೆ ಆತ ಸ್ಕೂಟರಿನಲ್ಲಿ ಬಂದು ಹೋಗುತ್ತಿದ್ದ. ಅತ್ತೆ ಮನೆಯವರು ನೌಕರಿ ಬಿಟ್ಟು ಬಾ ಎನ್ನುತ್ತಿದ್ದರು. "ಬಿಡ್ಲೋ ಬ್ಯಾಡೋ ಅಂತ ಒಂದ ವರ್ಷಾತು ನೋಡ್ರಿ" ಎಂದಿದ್ದಳು ಒಮ್ಮೆ. ನನ್ನ ಬಗ್ಗೆ ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹದಿನೆಂಟನೆಯ ಕಂತು ಮುಗಿಯುವುದು ಬಸ್ ಸ್ಟ್ಯಾಂಡಿನಲ್ಲಿ. ಕಥೆಯ ಹೆಂಗಸು, ಪುಸ್ತಕದಲ್ಲಿ ಆಕೆಗೊಂದು ಚಂದದ ಹೆಸರಿತ್ತು, ನಾವಿಬ್ಬರೂ ಆಕಿ ಎಂದೇ ಅನ್ನುತ್ತಿದ್ದೆವು, ಗಂಡನ ಮನೆಯಿಂದ ಸಿಟ್ಟಿನಲ್ಲಿ ಹೊರಟು ಬಂದು ಬ್ಯಾಗು ಹಿಡಿದು ನಿಂತಿದ್ದಾಳೆ. ಎದುರಿಗೆ ಎರಡು ಬಸ್ಸು. ಒಂದು ಹಿಂದಕ್ಕೆ, ಅದೇ ಊರಿಗೆ. ಇನ್ನೊಂದು ಯಾರೂ ಪರಿಚಯವಿಲ್ಲದ ಊರಿಗೆ. ಕಂಡಕ್ಟರ್ ಸೀಟಿ ಊದುತ್ತಾನೆ. ಅಷ್ಟೇ.

"ಯಾವ ಬಸ್ ಹತ್ತಿದ್ಲು?" ಎಂದು ಕೊಟ್ಟೂರು ಕೇಳಿದಳು.

"ನಾಳೆ" ಎಂದೆ.

ಮರುದಿನ ಆಕೆ ಎರಡಕ್ಕೆ ಹತ್ತು ನಿಮಿಷ ಇರುವಾಗಲೇ ಲೈನಿಗೆ ಬಂದಳು. "ಹೇಳ್ರಿ, ಯಾವ ಬಸ್ಸು? ನಂಗ ಊಟ ಸೇರಲಿಲ್ಲ." ಆ ಕಂತು ಇಲ್ಲರಿ, ಸೀರೆ ಸುತ್ತಿ ಕಳಿಸಿಬಿಟ್ಟರು ಎಂದು ಹೇಳಬೇಕೆಂದೇ ಕೂತಿದ್ದೆ. ಹೇಳಿದ್ದರೆ ನೇರ ಇಪ್ಪತ್ತನೆಯ ಕಂತಿಗೆ ಹೋಗಬೇಕಿತ್ತು. ಇಪ್ಪತ್ತನೆಯದರಲ್ಲಿ ಆಕಿ ಗಂಡನ ಮನೆಯಲ್ಲಿದ್ದಾಳೆ. ಅತ್ತೆಯ ಕಾಲು ಹಿಡಿದು ತಪ್ಪಾಯಿತು ಎನ್ನುತ್ತಿದ್ದಾಳೆ. ಅಲ್ಲಿಂದ ಮುಂದೆ ಇಪ್ಪತ್ತೆರಡು ಕಂತು ಬರೀ ತಪ್ಪಾಯಿತು. ಹುಡುಗಿಯಾಗಿದ್ದಾಗ ಅದನ್ನು ಓದಿ ನಾನು ಕಣ್ಣೊರೆಸಿಕೊಂಡಿದ್ದೆ, ಎಷ್ಟು ಒಳ್ಳೆಯವಳು ಎಂದು. ಈಗ ಆ ಹಾಳೆ ನನ್ನ ಬಾಯಿಂದ ಹೊರಡಲಿಲ್ಲ. ನಾನು ಹತ್ತಿರವಿದ್ದ ಟ್ರಂಕ್ ಕಾಲ್ ಬರೆದುಕೊಳ್ಳುವ ಚೀಟಿ ಪುಸ್ತಕವನ್ನು ಎಳೆದುಕೊಂಡೆ, ಸಪ್ಪಳ ಕೇಳಿಸುವಂತೆ ಅದರ ಒಂದು ಹಾಳೆ ತಿರುವಿದೆ, ಓದತೊಡಗಿದೆ. "ಆಕೆ ಎರಡನೆಯ ಬಸ್ಸು ಹತ್ತಿದಳು."

ಹೇಗೆ ಬಂತೋ ಗೊತ್ತಿಲ್ಲ, ಒಂದು ತಾಸು ಓದಿದೆ. ಖಾಲಿ ಚೀಟಿಗಳನ್ನು ಓದಿದೆ. ಆಕಿ ಆ ಊರಲ್ಲಿ ಇಳಿದಳು, ಒಂದು ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುವ ಕೆಲಸ ಹಿಡಿದಳು. ಮುಗಿಸಿದಾಗ ನನ್ನ ಕುಪ್ಪಸ ಬೆವರಿನಿಂದ ತೊಯ್ದಿತ್ತು.

"ಬೇಷ್ ಮಾಡಿದ್ಲು" ಎಂದಳು ಕೊಟ್ಟೂರು. ಆಮೇಲೆ, "ಕಥಿ ಬರದೋರು ಇಲ್ಲಿಂದ ಬ್ಯಾರೆ ಥರಾನ ಬರದಾರಲ್ರಿ" ಎಂದಳು. ನಾನು ಚೀಟಿ ಪುಸ್ತಕ ಮುಚ್ಚುತ್ತ, "ಹೌದು, ಕೈ ಕುದುರಿದೆ" ಎಂದುಬಿಟ್ಟೆ.

ಒಮ್ಮೆ ಬಸ್ಸು ಹತ್ತಿಸಿದ ಮೇಲೆ ಇಳಿಸುವುದು ಹೇಗೆ? ಅಂದಿನಿಂದ ಮುದ್ರಿಸಿದ ಹಾಳೆಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿದ್ದವು. ಬೆಳಿಗ್ಗೆ ಸ್ಟೇಷನ್ ರಸ್ತೆಯಲ್ಲಿ ನಡೆಯುತ್ತ ಆ ದಿನದ್ದನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದೆ. ಎದುರಿಗೆ ಬಂದವರು ನಮಸ್ಕಾರ ಮಾಡಿದರೆ ಕಾಣಿಸುತ್ತಿರಲಿಲ್ಲ. ಕೊಟ್ಟೂರಿನದು ಮಹಾ ಲೆಕ್ಕಾಚಾರದ ಕಿವಿ. "ಬಾಡಿಗಿ ಮನಿ ಯಾರು ಕೊಟ್ರು ಒಬ್ಬಾಕಿಗೆ?" "ನೀರು ಎಲ್ಲಿಂದ ತರ್ತಾಳ?" "ಜ್ವರ ಬಂದ್ರ ಯಾರು ನೋಡ್ತಾರ?" ಎಂದು ಕೇಳುವಳು. ಮರುದಿನ ನಾನು ಮನೆ ಕೊಟ್ಟ ಮುದುಕಿಯನ್ನು, ಬೀದಿಯ ನಲ್ಲಿಯನ್ನು, ಜ್ವರದ ದಿನ ಗಂಜಿ ತಂದ ಪಕ್ಕದ ಮನೆಯವಳನ್ನು ಕಥೆಯೊಳಗೆ ತಂದು ಕೂಡಿಸಬೇಕಾಗುತ್ತಿತ್ತು. ನನಗೆ ಜ್ವರ ಬಂದಾಗ ಗಂಜಿ ತಂದವರು ಯಾರೂ ಇರಲಿಲ್ಲ. ಕಥೆಯಲ್ಲಿ ತರಿಸಿದೆ. ಕಥೆಯ ಆಕಿಗೆ ಧೈರ್ಯ ಕೊಟ್ಟೆ, ನಗು ಕೊಟ್ಟೆ, ಕೊನೆಗೆ ಸ್ವಂತದ್ದೊಂದು ಹೊಲಿಗೆ ಮಷೀನನ್ನೂ ಕೊಟ್ಟೆ. ಒಬ್ಬಳೇ ಇದ್ದು ಇಷ್ಟು ಸುಖವಾಗಿ ಬಾಳಿದ ಹೆಂಗಸು ಬೇರೆ ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ.

ನಲವತ್ತೊಂದು ಕಂತುಗಳಲ್ಲಿ ಇನ್ನು ಎರಡು ಬಾಕಿ ಇರುವಾಗ ಆದೇಶ ಬಂತು. ಎಲ್ಲ ಊರುಗಳಿಗೂ ಹೊಸ ಎಕ್ಸ್‌ಚೇಂಜು. ಇನ್ನು ಮೇಲೆ ಜನ ತಾವೇ ನಂಬರ್ ಒತ್ತುತ್ತಾರೆ, ನಾವು ಬೇಡ. ನನಗೆ ಅದೇ ಕಟ್ಟಡದಲ್ಲಿ ದೂರು ಬರೆದುಕೊಳ್ಳುವ ಮೇಜು ಸಿಕ್ಕಿತು. ಕೊಟ್ಟೂರಿಗೆ ಬಳ್ಳಾರಿಗೆ ವರ್ಗ.

"ಹೋಗ್ತೀರಾ?" ಎಂದು ಕೇಳಿದೆ.

"ಮನ್ಯಾಗ ಬ್ಯಾಡ ಅಂತಾರ. ನಾನೂ ಯೋಚನಿ ಮಾಡಾಕತ್ತೀನ್ರಿ." ಆಮೇಲೆ ಹೇಳಿದಳು, "ಒಂದ ಮಾತು. ಉಳಿದಿದ್ದು ಫೋನಿನಾಗ ಮುಗಿಯಂಗಿಲ್ಲ. ಆ ಪುಸ್ತಕ ಬಸ್ಸಿನಾಗ ಕಂಡಕ್ಟರ್ ಕೈಯಾಗ ಕೊಟ್ಟು ಕಳಿಸ್ರಿ. ಮೊದಲಿಂದ ಇನ್ನೊಮ್ಮಿ ನಾನ ಓದಬೇಕು ಅನ್ನಿಸೈತಿ. ಒಂದ ಹಾಳಿ ಮಡಚಂಗಿಲ್ಲ, ಆಣಿ ಮಾಡ್ತೀನಿ."

ನಮ್ಮ ಕಡೆ ಬಸ್ಸಿನಲ್ಲಿ ಕಳಿಸುವುದು ಏನೂ ದೊಡ್ಡದಲ್ಲ. ಔಷಧಿ, ಬುತ್ತಿ, ಲಗ್ನಪತ್ರಿಕೆ ಎಲ್ಲ ಹಾಗೆಯೇ ಹೋಗುತ್ತವೆ. ಆದರೆ ಪುಸ್ತಕ ಕೈಗೆ ಹೋದರೆ ಇಪ್ಪತ್ತನೆಯ ಕಂತಿನಲ್ಲಿ ಆಕಿ ಅತ್ತೆಯ ಕಾಲು ಹಿಡಿದಿರುವುದು ಕಾಣುತ್ತದೆ. ಮೂರು ತಿಂಗಳು ನಾನು ಸುಳ್ಳು ಓದಿದ್ದು ಗೊತ್ತಾಗುತ್ತದೆ. ಮುಂದಿನದನ್ನು ನೆನೆಯಲೂ ಭಯವಾಯಿತು. ಇರುವುದೊಂದೇ ಸ್ನೇಹ, ಅದೂ ಸುಳ್ಳಿನ ಮೇಲೆ ನಿಂತದ್ದೆಂದು ಆಕೆಗೆ ತಿಳಿಯುತ್ತದೆ. ನಾನು ಕಲ್ಲಿನಂಥ ಧ್ವನಿಯಲ್ಲಿ, "ನಾನು ಪುಸ್ತಕ ಯಾರಿಗೂ ಕೊಡಲ್ಲ" ಎಂದೆ.

"ಆತು ಬಿಡ್ರಿ" ಎಂದಳು. ಅಷ್ಟರಲ್ಲಿ ಮುಚ್ಚಳ ಬಿತ್ತು. ಯಾರೋ ಈರುಳ್ಳಿ ಲಾರಿಯ ಬಗ್ಗೆ ದಾವಣಗೆರೆ ಕೇಳಿದರು, ಜೋಡಿಸಿದೆ. ಆ ಮೇಲಿನ ನಾಲ್ಕು ದಿನ ಕೊಟ್ಟೂರು ಕೆಲಸದ ಮಾತು ಬಿಟ್ಟು ಇನ್ನೇನೂ ಆಡಲಿಲ್ಲ. ಐದನೆಯ ದಿನ ಬೋರ್ಡು ಬಿಚ್ಚಿ ಗೋಡೆಗೆ ಒರಗಿಸಿದರು.

ದೂರಿನ ಮೇಜಿನಲ್ಲಿ ಕೂತು ನನ್ನ ಮೇಲೆ ನನಗೇ ಹೇಸಿಗೆ ಬಂತು. ಫೋನ್ ಸತ್ತಿದೆ ಎಂದು ಜನ ಬಂದು ಕೂಗಾಡುತ್ತಿದ್ದರು. ನನಗೆ ಕೂಗಾಡಲೂ ಯಾರೂ ಇರಲಿಲ್ಲ. ಒಂದು ವಾರ ಸಹಿಸಿ, ಗೆರೆ ಹಾಳೆಯ ಒಂದು ದಸ್ತೆ ತಂದೆ. ಹತ್ತೊಂಬತ್ತನೆಯ ಕಂತಿನಿಂದ ನಾನು ಬಾಯಲ್ಲಿ ಓದಿದ್ದನ್ನೆಲ್ಲ ನೆನಪು ಮಾಡಿಕೊಂಡು ದುಂಡಗೆ ಬರೆದೆ. ಓದದೆ ಉಳಿದಿದ್ದ ಎರಡು ಕಂತುಗಳನ್ನೂ ಬರೆದು ಮುಗಿಸಿದೆ. ಮಳೆಗಾಲ ಕಳೆಯಿತು. ಆಮೇಲೆ ಹಳೆಯ ಹೊಲಿಗೆ ಬಿಚ್ಚಿ, ಇಪ್ಪತ್ತರಿಂದ ಕೊನೆಯವರೆಗಿನ ಮುದ್ರಿಸಿದ ಹಾಳೆಗಳನ್ನು ಎಳೆದು ತೆಗೆದು, ಅವುಗಳ ಜಾಗದಲ್ಲಿ ನನ್ನವನ್ನು ಇಟ್ಟು ಮತ್ತೆ ದಬ್ಬಣದಿಂದ ಹೊಲಿದೆ. ತೆಗೆದ ಹಾಳೆಗಳನ್ನು ನೀರೊಲೆಗೆ ಹಾಕಿದೆ. ಮಡಚಿದ ಮೂಲೆ ಕಂಡರೆ ಮೈ ಉರಿದುಕೊಳ್ಳುತ್ತಿದ್ದವಳು ನಾನು, ಇಪ್ಪತ್ತೆರಡು ಕಂತು ಸುಟ್ಟು ಅದರ ಬಿಸಿನೀರಿನಲ್ಲಿ ತಲೆಗೆ ಎರೆದುಕೊಂಡೆ.

ಪುಸ್ತಕ ಸಿದ್ಧವಾಯಿತು. ಕಳಿಸುವುದು ಯಾರಿಗೆ? ಆಕೆಯ ಹೆಸರೇ ನನಗೆ ಗೊತ್ತಿರಲಿಲ್ಲ. ಕೊಟ್ಟೂರಿಗೆ ಎಂದು ಬರೆದು ಕಂಡಕ್ಟರ್ ಕೈಗೆ ಕೊಟ್ಟರೆ ಆತ ಇಡೀ ಊರಿಗೆ ಹಂಚಬೇಕು. ಒಂದು ಭಾನುವಾರ ನಾನೇ ಬಸ್ಸು ಹತ್ತಿದೆ. ಕೊಟ್ಟೂರಿನ ಎಕ್ಸ್‌ಚೇಂಜಿನಲ್ಲಿ ಲೈನ್‌ಮನ್ ಒಬ್ಬ ಕಂಬದ ಸಾಮಾನು ಜೋಡಿಸುತ್ತ ಕೂತಿದ್ದ.

"ಯಾರು ಬೇಕ್ರಿ ಅಕ್ಕಾರ?"

ನಾನು ತಡವರಿಸಿದೆ. "ಮಧ್ಯಾಹ್ನದ ಪಾಳಿಯಲ್ಲಿ ಇದ್ರಲ್ಲ. ಮಾತಿಗಿಂತ ಮುಂಚೆ ನಗೋರು."

ಆತ ಮುಖ ಅರಳಿಸಿದ. "ಓ, ಆಯಮ್ಮರಾ! ನೌಕರಿ ಬಿಟ್ರು. ಕೂಡ್ಲಿಗಿಗೆ ಹೋಗ್ಯಾರ. ಬಸ್ ಸ್ಟ್ಯಾಂಡ್ ಬಾಜೂಕ ಸ್ಕೂಟರ್ ಗ್ಯಾರೇಜ್ ಐತಿ ನೋಡ್ರಿ, ಅದರ ಹಿಂದ ಮನಿ." ಎಂದು ಹೆಸರು ಹೇಳಿದ. ಮೊದಲ ಸಲ ಕೇಳಿದೆ. ಇಲ್ಲಿ ಬರೆಯುವುದಿಲ್ಲ, ನನಗೆ ಆಕೆ ಇವತ್ತಿಗೂ ಕೊಟ್ಟೂರೇ. ಆ ಹೆಸರು ಕೇಳಿದಾಗ, ಬೇಸಿಗೆಯಲ್ಲಿ ಒಂದು ತಿಂಗಳು ಬಾಯಿ ಒಣಗಿದ್ದು ರಂಜಾನಿನ ರೋಜಾದಿಂದ ಎಂದು ಹೊಳೆಯಿತು. ಉಪವಾಸವಿದ್ದವಳಿಗೆ ದಿನಾ ನೀರು ಕುಡೀರಿ ಎಂದಿದ್ದೆ.

ಕೂಡ್ಲಿಗಿಯ ಆ ಮನೆಯ ಬಾಗಿಲಲ್ಲಿ ಅತ್ತೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದರು. "ಯಾರಮ್ಮಾ? ಬಾ, ಒಳಗ ಬಾ, ಬಿಸಿಲಾಗ ಯಾಕ ನಿಂತಿ" ಎಂದರು. ಒಳಗಿನಿಂದ ಬಂದವಳು ಕುಳ್ಳಗೆ, ಸ್ವಲ್ಪ ಗುಂಡಗೆ ಇದ್ದಳು. ನಾನು ಮನಸ್ಸಿನಲ್ಲಿ ಉದ್ದನೆಯ ಹೆಂಗಸನ್ನು ಇಟ್ಟುಕೊಂಡಿದ್ದೆ.

"ಬೊಮ್ಮನಹಳ್ಳಿ" ಎಂದೆ.

ಆಕೆ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ಅಕ್ಕಾ, ಬರ್ರಿ, ಕುಂದ್ರಿ." ಕೂತೆವು. ಚಹಾ ಬಂತು. ಬಸ್ಸು ಯಾವಾಗ ಸಿಕ್ತು, ಬಿಸಿಲು ಎಷ್ಟೈತಿ, ಗಂಡನ ಗ್ಯಾರೇಜು ಬರೋಬರಿ ನಡೀತೈತಿ. ಅಲ್ಲಿಗೆ ಮಾತು ಮುಗಿಯಿತು. ತಂತಿಯ ಮೇಲೆ ಮುಗಿಯದಿದ್ದ ಮಾತು ಎದುರೆದುರು ಕೂತಾಗ ಬರಲೊಲ್ಲದು. ಆಕೆ ನನ್ನ ಬಿಳಿಗೂದಲು ನೋಡಿದಳು, ನಾನು ಆಕೆಯ ಬಳೆ ನೋಡಿದೆ. ಪಕ್ಕದ ಮನೆಗೆ ಹೋಗಿ ಬರುತ್ತೇನೆಂದು ಅತ್ತೆ ಎದ್ದುಹೋದರು.

ನಾನು ಚೀಲದಿಂದ ಪುಸ್ತಕ ತೆಗೆದು ಕೊಟ್ಟೆ. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡು ಹಾಳೆ ತಿರುವಿದಳು. ಅಚ್ಚಿನ ಅಕ್ಷರ ಮುಗಿದು ಶಾಯಿಯ ಅಕ್ಷರ ಶುರುವಾದ ಕಡೆ ಕೈ ನಿಂತಿತು.

"ಇದು ನಿಮ್ಮ ಕೈಬರಹ ಏನ್ರಿ?"

"ಹೌದು. ಬಸ್ ಹತ್ತಿದ್ದರಿಂದ ಮುಂದೆ ಎಲ್ಲ ನಂದು. ಪುಸ್ತಕದಲ್ಲಿ ಹಾಗಿರಲಿಲ್ಲ. ಆಕೆ ತಿರುಗಿ ಗಂಡನ ಮನೆಗೆ ಹೋಗ್ತಾಳೆ. ನಾನು ನಿಮಗೆ ಸುಳ್ಳು ಓದಿದೆ. ಅದಕ್ಕೇ ಅವತ್ತು ಕೊಡಲ್ಲ ಅಂದೆ."

ಬೈದರೆ ಬೈಸಿಕೊಳ್ಳಲು ತಯಾರಾಗಿ ಕೂತೆ. ಆಕೆ ಬೈಯಲಿಲ್ಲ. "ಹಂಗೇನ್ರಿ" ಎಂದಳು. ಪುಸ್ತಕವನ್ನು ನನ್ನ ಕೈಗೇ ಕೊಟ್ಟು ಎದ್ದಳು. "ಮಾರಿ ನೋಡಿದ್ರ ಕೇಳಾಕ ಆಗವಲ್ದು. ನಾ ಒಳಗ ರೊಟ್ಟಿ ಮಾಡ್ತಿರ್ತೀನಿ. ಉಳಿದಿದ್ದ ಎರಡು ಕಂತು ಓದ್ರಿ."

ಉಳಿದದ್ದು ಎಷ್ಟು ಎಂದು ಆಕೆ ಲೆಕ್ಕವಿಟ್ಟುಕೊಂಡಿದ್ದಳು. ನಾನು ಪಡಸಾಲೆಯ ಗೋಡೆಗೆ ಒರಗಿ ಕೂತು, ಅಡಿಗೆಮನೆಯ ಬಾಗಿಲಿಗೆ ಬೆನ್ನು ಮಾಡಿ, ಮೊದಲಿನ ಹಾಗೆಯೇ ಧ್ವನಿ ಎತ್ತಿ ಓದಿದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ. "ನಿಲ್ರಿ, ಇನ್ನೊಮ್ಮೆ" ಎಂದು ಆಕೆ ಒಂದು ಕಡೆ ಕೂಗಿದಳು. ಇನ್ನೊಮ್ಮೆ ಓದಿದೆ. ಹೊರಗೆ ಗ್ಯಾರೇಜಿನಲ್ಲಿ ಸ್ಟಾರ್ಟ್ ಮಾಡಲು ಸ್ಕೂಟರ್ ಒದೆಯುತ್ತಿದ್ದರು. ನನಗೆ ಆ ಎಲ್ಲ ತಿಂಗಳುಗಳ ಮಧ್ಯಾಹ್ನ ಒಟ್ಟಿಗೆ ಬಂದಂತಾಯಿತು. ಕೊನೆಯ ಕಂತಿನಲ್ಲಿ ಆಕಿ ತನ್ನದೇ ಅಂಗಡಿಯ ಬಾಗಿಲು ತೆಗೆದು, ಮಷೀನಿಗೆ ಎಣ್ಣೆ ಬಿಟ್ಟು, ಹೊಸ ಬಟ್ಟೆಗೆ ಕತ್ತರಿ ಹಾಕುತ್ತಾಳೆ. ಮುಗಿಯಿತು ಎಂದೆ.

ರೊಟ್ಟಿಯ ಸಪ್ಪಳ ನಿಂತಿತ್ತು.

"ಎಲ್ಲಾ ಬರದೀರಿ" ಎಂದಳು ಒಳಗಿನಿಂದ. "ಬಾಡಿಗಿ ಐತಿ, ನೀರೈತಿ, ಜ್ವರ ಐತಿ. ಆಕಿಗೆ ಒಬ್ಬಾಕಿಗೆ ಬ್ಯಾಸರ ಆಗಂಗಿಲ್ಲೇನ್ರಿ?"

ನಾನು ಪುಸ್ತಕ ಮುಚ್ಚಿದೆ. ಹಿಂದಿನ ದಿನಗಳಾಗಿದ್ದರೆ ನಾಳೆ ಎಂದುಬಿಡುತ್ತಿದ್ದೆ, ಬೆಳಿಗ್ಗೆ ದಾರಿಯಲ್ಲಿ ಏನಾದರೊಂದು ಕಟ್ಟಿಕೊಂಡು ಬರುತ್ತಿದ್ದೆ.

"ಆಗುತ್ತೆ. ದಿನಾ ಆಗುತ್ತೆ" ಎಂದೆ. ನನ್ನ ಬದುಕಿನ ಬಗ್ಗೆ ಆಕೆಗೆ ಹೇಳಿದ ಮೊದಲ ಮಾತು ಅದು.

"ಮತ್ತ ಅದನ್ನ ಬರೀಲಿಲ್ಲ ಯಾಕ?"

"ಬರೆದಿದ್ರೆ ನೀವು ಕೇಳ್ತಿರಲಿಲ್ಲ ಅಂತ."

ಆಕೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತದ್ದು ಗೊತ್ತಾಯಿತು. ನಾನು ತಿರುಗಲಿಲ್ಲ.

"ನಾ ದಿನಾ ಕುಂತಿದ್ದು ನಿಮ್ಮ ಆ ಬ್ಯಾಸರಾನ ಕೇಳಾಕರಿ, ಬೊಮ್ಮನಹಳ್ಳಿ" ಎಂದಳು.